ಕ್ಯಾಬ್ ಅಪಘಾತದಲ್ಲಿ ತಂದೆಯ ಕೈ ಮುರಿದಿದೆ: ಡ್ರೈವರ್ ಕೊಡುವ 20,000 ತಗೊಂಡು ಮುಗಿಸಬೇಕಾ, ಆ್ಯಪ್ ಕಂಪನಿ ಮೇಲೆ ಕೇಸ್ ಹಾಕಬೇಕಾ?

ಎರಡೂ ಬೇಡ. ಮೊದಲು ಆಸ್ಪತ್ರೆಗೆ ಹೋಗಿ. ತಂದೆಯವರನ್ನು ಸೇರಿಸಿದ ದಿನದ ಕೇಸ್ ಶೀಟ್ ತೋರಿಸಿ ಅಂತ ಕೇಳಿ. ಗಾಯ ಹೇಗಾಯಿತು ಅನ್ನುವ ಜಾಗದಲ್ಲಿ ಏನು ಬರೆದಿದ್ದಾರೆ ಓದಿ. ಇದನ್ನು ಇವತ್ತೇ ಮಾಡಿ.

2019ರಲ್ಲಿ ನನಗೂ ಹೀಗೇ ಆಗಿತ್ತು. ಬೆಂಗಳೂರಿನ ವಿಜಯನಗರದಲ್ಲಿ ನನ್ನದೊಂದು ಸಣ್ಣ ಟೈಲರಿಂಗ್ ಅಂಗಡಿ ಇದೆ. ಊರಿಂದ ಬಂದು ಯಶವಂತಪುರದಲ್ಲಿ ರೈಲು ಇಳಿದು ಆ್ಯಪ್‌ನಲ್ಲಿ ಕ್ಯಾಬ್ ಹಿಡಿದಿದ್ದೆ. ಇನ್ನೂ ಬೆಳಕು ಹರಿದಿರಲಿಲ್ಲ. ಅಡ್ಡರಸ್ತೆಯಿಂದ ನುಗ್ಗಿದ ಗೂಡ್ಸ್ ಟೆಂಪೋ ನಮ್ಮ ಕಾರಿನ ಎಡಬದಿಗೆ ಗುದ್ದಿತು. ನಮ್ಮ ಡ್ರೈವರ್ ಕೂಡ ಜೋರಾಗಿಯೇ ಓಡಿಸುತ್ತಿದ್ದ. ನನ್ನ ಬಲಗಾಲು ಮುಂದಿನ ಸೀಟಿನ ಕೆಳಗೆ ಸಿಕ್ಕಿಕೊಂಡು, ಮೊಣಕಾಲಿನ ಕೆಳಗೆ ಮೂಳೆ ಮುರಿಯಿತು.

ಆ ಹುಡುಗ ಕೆಟ್ಟವನಲ್ಲ. ಆಟೋ ನಿಲ್ಲಿಸಿ, ನನ್ನನ್ನು ಎತ್ತಿ ಕೂರಿಸಿ, ಹತ್ತಿರದ ಖಾಸಗಿ ಆಸ್ಪತ್ರೆಗೆ ಅವನೇ ಕರೆದುಕೊಂಡು ಹೋದ. ದಾರಿಯುದ್ದಕ್ಕೂ ಒಂದೇ ಮಾತು. "ಅಕ್ಕಾ, ಕೇಸ್ ಮಾತ್ರ ಬೇಡ ಅಕ್ಕಾ. ಗಾಡಿ ಸ್ಟೇಷನ್‌ಗೆ ಹೋದ್ರೆ ಇಎಂಐ ಕಟ್ಟೋಕಾಗಲ್ಲ. ಆಸ್ಪತ್ರೆ ಖರ್ಚು ನಾನು ನೋಡ್ಕೊತೀನಿ." ಡ್ಯೂಟಿ ಡಾಕ್ಟರು ಹೇಗಾಯ್ತು ಅಂತ ಕೇಳಿದಾಗ, ಅವನೇ ಮುಂದೆ ಬಂದು "ಮೆಟ್ಟಿಲಿಂದ ಬಿದ್ರು ಸರ್" ಅಂದ. ಡಾಕ್ಟರು ನನ್ನ ಮುಖ ನೋಡಿದರು. ನಾನು ಹೂಂ ಅಂದೆ.

ಆ ಒಂದು "ಹೂಂ" ಏನೇನು ಮಾಡಿತು ಅಂತ ಬಿಡಿಸಿ ಹೇಳಲೇಬೇಕು. ರಸ್ತೆ ಅಪಘಾತ ಅಂತ ಹೇಳಿದ್ದರೆ ಆಸ್ಪತ್ರೆಯವರು ಅದನ್ನು ಎಂಎಲ್‌ಸಿ, ಅಂದರೆ ಪೊಲೀಸರ ಗಮನಕ್ಕೆ ತರಬೇಕಾದ ಗಾಯದ ಪ್ರಕರಣ, ಅಂತ ದಾಖಲಿಸಿ ಪೊಲೀಸರಿಗೆ ತಿಳಿಸುತ್ತಿದ್ದರು. ಪೊಲೀಸರು ಬಂದು ಹೇಳಿಕೆ ಪಡೆಯುತ್ತಿದ್ದರು. ಅದೇ ದಿನ ಸ್ಪಾಟ್ ಮಹಜರು, ಅಂದರೆ ಅಪಘಾತದ ಜಾಗ ನೋಡಿ ಬರೆಯುವ ವರದಿ, ಆಗುತ್ತಿತ್ತು. ಟೆಂಪೋ ನಂಬರ್ ಸಿಗುತ್ತಿತ್ತು. ಅಲ್ಲಿದ್ದ ಅಂಗಡಿಯ ಸಿಸಿಟಿವಿ ದೃಶ್ಯ ಸಿಗುತ್ತಿತ್ತು. ಎರಡೂ ಗಾಡಿಗಳನ್ನು ಮೋಟಾರು ವಾಹನ ಇನ್ಸ್‌ಪೆಕ್ಟರ್ ನೋಡಿ, ಎಲ್ಲಿ ಜಖಂ ಆಗಿದೆ ಅಂತ ಬರೆದುಕೊಡುತ್ತಿದ್ದರು. ಮೆಟ್ಟಿಲಿಂದ ಬಿದ್ದವಳಿಗೆ ಇದ್ಯಾವುದೂ ಇಲ್ಲ. ಡಾಕ್ಟರು ಪ್ಲೇಟು, ಸ್ಕ್ರೂ ಹಾಕಿದರು. ಮೊದಲ ಬಿಲ್ಲಿಗೆ ಡ್ರೈವರ್ ಸ್ವಲ್ಪ ಹಣ ಕೊಟ್ಟ. ಆಪರೇಷನ್ ಬಿಲ್ ನೋಡಿದ ಮೇಲೆ ಅವನ ಫೋನ್ ಸ್ವಿಚ್ ಆಫ್ ಆಯಿತು.

ಕೆಲವು ವಾರ ಬಿಟ್ಟು ನನ್ನ ತಮ್ಮ ಸಂಚಾರ ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟ. ಎಫ್‌ಐಆರ್ ಆಯಿತು, ಚಾರ್ಜ್‌ಶೀಟೂ ಆಯಿತು. ಎಂವಿಸಿ ಕೇಸ್, ಅಂದರೆ ವಾಹನ ಅಪಘಾತದ ಪರಿಹಾರ ಕೇಳುವ ಕೇಸ್, ಹಾಕಿದೆವು. ವಿಮಾ ಕಂಪನಿಯ ವಕೀಲರು ಬೇರೇನೂ ಮಾಡಲಿಲ್ಲ. ಆಸ್ಪತ್ರೆಯ ದಾಖಲೆ ವಿಭಾಗದವರನ್ನು ಸಾಕ್ಷಿಗೆ ಕರೆಸಿ, ಆ ಒಂದು ಸಾಲು ಓದಿಸಿದರು. ಕಾಲು ಮನೆಯಲ್ಲಿ ಮುರಿದಿದೆ, ಪರಿಹಾರದ ಆಸೆಗೆ ಆಮೇಲೆ ಕ್ಯಾಬ್ ಸೇರಿಸಿದ್ದಾರೆ ಅಂತ ವಾದಿಸಿದರು. ನನ್ನ ಹತ್ತಿರ ಆ್ಯಪ್‌ನ ಟ್ರಿಪ್ ರಸೀದಿ ಇತ್ತು. ಆದರೆ ನಾನು ಆ ಕಾರಿನಲ್ಲಿದ್ದೆ ಅನ್ನುವುದಕ್ಕಷ್ಟೇ ಅದು ಸಾಕ್ಷಿ. ಕಾಲು ಅದರಲ್ಲೇ ಮುರಿಯಿತು ಅಂತ ಅದು ಹೇಳುವುದಿಲ್ಲ.

ದೂರು ತಡವಾಯಿತು ಅನ್ನುವ ಒಂದೇ ಕಾರಣಕ್ಕೆ ಪರಿಹಾರ ನಿರಾಕರಿಸಬಾರದು ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಮನೆಯವರೆಲ್ಲ ಆಸ್ಪತ್ರೆಯಲ್ಲಿದ್ದರು, ತಡವಾಯಿತು ಅಂದರೆ ನ್ಯಾಯಾಧೀಶರಿಗೂ ಅರ್ಥವಾಗುತ್ತದೆ. ತಡಕ್ಕೆ ಕಾರಣ ಕೊಡಬಹುದು. ಸುಳ್ಳು ಕಾರಣ ಬರೆಸಿದ್ದಕ್ಕೆ ಏನಂತ ಹೇಳುವುದು? ಅದು ಗಾಯವಾದ ಗಂಟೆಯಲ್ಲೇ, ಪರಿಹಾರದ ಯೋಚನೆ ಯಾರ ತಲೆಗೂ ಬರುವ ಮೊದಲೇ ಬರೆದ ಕಾಗದ. ಅದಕ್ಕೇ ಕೋರ್ಟು ಅದನ್ನು ಜಾಸ್ತಿ ನಂಬುತ್ತದೆ. ಕೇಸು ಪೂರ್ತಿ ಬಿದ್ದುಹೋಗಬಹುದು ಅಂತ ನಮ್ಮ ವಕೀಲರೇ ಹೆದರಿದರು. ಕೊನೆಗೆ ಲೋಕ ಅದಾಲತ್‌ನಲ್ಲಿ ರಾಜಿ ಮಾಡಿಕೊಂಡೆ. ಸಿಕ್ಕಿದ ಹಣದಲ್ಲಿ ಆಪರೇಷನ್ ಸಾಲ ತೀರಿತು, ಅಷ್ಟೇ. ಇವತ್ತಿಗೂ ಆ ಕಾಲಲ್ಲಿ ದಿನಪೂರ್ತಿ ಪೆಡಲ್ ತುಳಿಯಲು ಆಗುವುದಿಲ್ಲ. ಅದಕ್ಕೆ ಒಂದು ರೂಪಾಯಿಯೂ ಬಂದಂತಾಗಲಿಲ್ಲ.

ಹಾಗಾಗಿ ನಿಮ್ಮ ತಂದೆಯವರ ಕೇಸ್ ಶೀಟಿನಲ್ಲಿ ರಸ್ತೆ ಅಪಘಾತ ಅಂತ ಇದ್ದರೆ ಅದರ ಪ್ರತಿ ತೆಗೆದುಕೊಳ್ಳಿ. ಬೇರೆ ಏನಾದರೂ ಇದ್ದರೆ, ನಡೆದದ್ದನ್ನು ಈಗಲೇ ಡಾಕ್ಟರಿಗೆ ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ. ಇವತ್ತೇ ಪೊಲೀಸ್ ದೂರು ಕೊಡಿ. ಯಾರು, ಯಾಕೆ ಹಾಗೆ ಬರೆಸಿದರು ಅನ್ನುವುದನ್ನೂ ದೂರಿನಲ್ಲೇ ಹೇಳಿಬಿಡಿ.

ಇನ್ನು ನಿಮ್ಮ ಪ್ರಶ್ನೆ. ಡ್ರೈವರ್ ಅಥವಾ ಆ್ಯಪ್ ಕಂಪನಿ, ಇಬ್ಬರಲ್ಲಿ ಒಬ್ಬರು ಕೊಡಬೇಕು ಅಂತ ನೀವು ಅಂದುಕೊಂಡಿದ್ದೀರಿ. ನಾನು ಒಪ್ಪುವುದಿಲ್ಲ. ಕೊಡಬೇಕಾದದ್ದು ಗಾಡಿಯ ವಿಮಾ ಕಂಪನಿ. ಹಳದಿ ಬೋರ್ಡಿನ ಟ್ಯಾಕ್ಸಿಗೆ ಕಡ್ಡಾಯವಾಗಿ ಮಾಡಿಸುವ ವಿಮೆಯಲ್ಲೇ ಪ್ರಯಾಣಿಕರೂ ಸೇರುತ್ತಾರೆ. ಆ್ಯಪ್ ಕಂಪನಿಯನ್ನು ಕೇಳಿದರೆ, ನಾವು ಮಧ್ಯವರ್ತಿ ಮಾತ್ರ ಅನ್ನುತ್ತಾರೆ. ಆ ವಾದ ಮುರಿಯುವ ಜವಾಬ್ದಾರಿ ಕೈ ಮುರಿದ ಮನುಷ್ಯನ ಮೇಲೆ ಯಾಕೆ ಬೀಳಬೇಕು? ವಕೀಲರು ಬೇಕೆಂದರೆ ಅವರನ್ನೂ ಎದುರುದಾರರಾಗಿ ಸೇರಿಸಲಿ. ಆ್ಯಪ್ ಮೂಲಕ ಪ್ರಯಾಣಿಕರಿಗೆ ಕನಿಷ್ಠ 5 ಲಕ್ಷ ರೂಪಾಯಿ ವಿಮೆ ಇರಬೇಕು ಅಂತ ಕೇಂದ್ರದ 2025ರ ಮಾರ್ಗಸೂಚಿ ಹೇಳುತ್ತದೆ. ಹಾಗಾಗಿ ಅಪಘಾತವನ್ನು ಆ್ಯಪ್‌ನಲ್ಲೂ ವರದಿ ಮಾಡಿ. ಆ್ಯಪ್ ಕಡೆಯ ವಿಮೆ ಹಣ ಬೇರೆ, ಗಾಡಿ ವಿಮೆಯ ಪರಿಹಾರ ಬೇರೆ. ಆದರೆ "ಎಲ್ಲ ಬಾಬ್ತು ಸಂದಾಯವಾಗಿದೆ" ಅನ್ನುವ ಯಾವ ಕಾಗದಕ್ಕೂ ತಂದೆಯವರಿಂದ ಸಹಿ ಮಾಡಿಸಬೇಡಿ.

ಬೈಕ್ ಟ್ಯಾಕ್ಸಿ ಅಥವಾ ಬಿಳಿ ಬೋರ್ಡಿನ ಕಾರಾಗಿದ್ದರೆ ತಕರಾರು ಜಾಸ್ತಿ. ಸ್ವಂತ ಬಳಕೆಯ ಗಾಡಿಯಲ್ಲಿ ಬಾಡಿಗೆ ಹೊಡೆದಿದ್ದಾರೆ ಅಂತ ವಿಮೆಯವರು ಕೈ ತೊಳೆದುಕೊಳ್ಳಲು ನೋಡುತ್ತಾರೆ. ನಿಮ್ಮದು ಯಾವ ಬೋರ್ಡು ಅಂತ ನೀವು ಬರೆದಿಲ್ಲ, ನೋಡಿಕೊಳ್ಳಿ.

ತಪ್ಪು ಕ್ಯಾಬಿನದೋ ಎದುರಿಗೆ ಬಂದ ಲಾರಿಯದೋ ಅಂತ ನೀವು ತಲೆ ಕೆಡಿಸಿಕೊಂಡಿದ್ದೀರಿ. ಹಿಂದಿನ ಸೀಟಿನಲ್ಲಿ ಕೂತ ಪ್ರಯಾಣಿಕರು ಅದನ್ನು ತೀರ್ಮಾನಿಸಬೇಕಿಲ್ಲ. ಎರಡೂ ಗಾಡಿಗಳ ತಪ್ಪಿದ್ದರೆ ಪೂರ್ತಿ ಪರಿಹಾರವನ್ನು ಯಾರಿಂದ ಬೇಕಾದರೂ ಪಡೆಯಬಹುದು, ಪಾಲು ಅವರವರೇ ಹಂಚಿಕೊಳ್ಳಲಿ ಅಂತ 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೂ ಇಬ್ಬರು ಮಾಲೀಕರು, ಇಬ್ಬರು ವಿಮೆಯವರು, ಎಲ್ಲರನ್ನೂ ಸೇರಿಸಿಯೇ ಅರ್ಜಿ ಹಾಕಿ. ನನಗೆ ಟೆಂಪೋ ನಂಬರ್ ಸಿಗಲಿಲ್ಲ. ನಿಮಗೆ ಲಾರಿ ನಂಬರ್ ಗೊತ್ತಿದೆ.

ಈಗ ಆ 20,000. ತಂದೆಯವರಿಗೆ 54 ವರ್ಷ, ಬಡಗಿ ಕೆಲಸ ಅಂದಿದ್ದೀರಿ. ಆದಾಯಕ್ಕೆ ದಾಖಲೆ ಇಲ್ಲದಿದ್ದರೂ ಕೇಸು ಬಿದ್ದುಹೋಗುವುದಿಲ್ಲ. ಅಪಘಾತವಾದ ವರ್ಷಕ್ಕೆ ಇಂತಿಷ್ಟು ಆದಾಯ ಅಂತ ಹಿಡಿಯಲು ಕರ್ನಾಟಕದಲ್ಲಿ ಕಾನೂನು ಸೇವೆಗಳ ಪ್ರಾಧಿಕಾರದ ಪಟ್ಟಿಯೇ ಇದೆ. ಲೆಕ್ಕಕ್ಕೆ ತಿಂಗಳಿಗೆ 15,000 ಅಂತ ಇಟ್ಟುಕೊಳ್ಳಿ. 51ರಿಂದ 55 ವಯಸ್ಸಿಗೆ ಗುಣಕ 11, ಅಂದರೆ ವರ್ಷದ ಆದಾಯವನ್ನು 11ರಿಂದ ಗುಣಿಸುತ್ತಾರೆ. ಕೈಯಲ್ಲಿ 45% ಊನ ಅಂತ ಡಾಕ್ಟರು ಹೇಳಿದರೆ, ಇಡೀ ದೇಹಕ್ಕೆ ಅದರ ಮೂರನೇ ಒಂದು ಭಾಗ, ಅಂದರೆ 15% ಅಂತ ಹಿಡಿಯುವುದು ಸಾಮಾನ್ಯ. ಆಗ 15,000 × 12 × 11ರ 15%, ಅಂದರೆ 2,97,000 ರೂಪಾಯಿ. ಇದು ಮುಂದಿನ ಸಂಪಾದನೆ ನಷ್ಟ ಮಾತ್ರ. ಆಸ್ಪತ್ರೆ ಖರ್ಚು, ನೋವು, ಕೆಲಸಕ್ಕೆ ಹೋಗದ ತಿಂಗಳುಗಳು ಇದರ ಮೇಲೆ. ಅದೂ ಅಲ್ಲದೆ, ಬಡಗಿಯ ಬಲಗೈಯನ್ನು ಗುಮಾಸ್ತನ ಬಲಗೈ ಥರ ನೋಡಬಾರದು. ಊನ ಎಷ್ಟು ಅನ್ನುವುದಕ್ಕಿಂತ, ಅದರಿಂದ ಅವರ ಕಸುಬು ಎಷ್ಟು ಹಾಳಾಯಿತು ಅಂತ ನೋಡಬೇಕು ಅಂತ ಸುಪ್ರೀಂ ಕೋರ್ಟ್ 2010ರ ಒಂದು ತೀರ್ಪಿನಲ್ಲಿ ವಿವರಿಸಿದೆ. ಉಳಿ, ಗರಗಸ ಹಿಡಿಯಲು ಆಗುತ್ತಿಲ್ಲ ಅನ್ನುವುದನ್ನು ಡಾಕ್ಟರ ಬಾಯಲ್ಲೂ ತಂದೆಯವರ ಬಾಯಲ್ಲೂ ಹೇಳಿಸಲು ವಕೀಲರಿಗೆ ಮೊದಲೇ ಹೇಳಿಡಿ.

ಯಾರ ತಪ್ಪು ಅಂತ ಸಾಬೀತು ಮಾಡಲು ಆಗುವುದೇ ಇಲ್ಲ ಅನ್ನಿಸಿದರೆ ಈಗ ಮೋಟಾರು ವಾಹನ ಕಾಯ್ದೆಯ 164ನೇ ಸೆಕ್ಷನ್ ಇದೆ. ಗಂಭೀರ ಗಾಯಕ್ಕೆ ಎರಡೂವರೆ ಲಕ್ಷ, ತಪ್ಪಿನ ಪ್ರಶ್ನೆಯೇ ಬರುವುದಿಲ್ಲ. ನಿಮ್ಮ ಕೇಸಿಗೆ ನಾನು, ತಪ್ಪು ತೋರಿಸಿ ಪೂರ್ತಿ ಪರಿಹಾರ ಕೇಳುವ 166ನೇ ಸೆಕ್ಷನ್ನನ್ನೇ ಹೇಳುತ್ತೇನೆ.

ಡ್ರೈವರ್ ಬಗ್ಗೆ ನಿಮಗೆ ಪಾಪ ಅನ್ನಿಸುತ್ತಿರುವುದು ನಿಮ್ಮ ಬರಹದಲ್ಲೇ ಕಾಣುತ್ತದೆ. ನನಗೂ ಅನ್ನಿಸಿತ್ತು. ಅವರನ್ನು ಕೂರಿಸಿಕೊಂಡು ನಿಜ ಹೇಳಿ. ಲೈಸೆನ್ಸ್, ಪರ್ಮಿಟ್, ವಿಮೆ ಸರಿಯಿದ್ದರೆ ಪರಿಹಾರ ಅವರ ಜೇಬಿನಿಂದ ಹೋಗುವುದಿಲ್ಲ. ಪೊಲೀಸ್ ಕೇಸಿನಲ್ಲಿ ಬೇಲ್ ಸಿಗುತ್ತದೆ. ತಪಾಸಣೆ ಮುಗಿದ ಮೇಲೆ ಗಾಡಿ ಬಿಡಿಸಿಕೊಳ್ಳಬಹುದು. ಕೆಲವು ದಿನದ ದುಡಿಮೆ ಹೋಗುತ್ತದೆ, ಅದು ನಿಜ. ಅದಕ್ಕೆ ಹೆದರಿ ಅವರು ನಿಮಗೆ ಕೈಯಿಂದ ಹಣ ಕೊಟ್ಟರೆ ಇಬ್ಬರಿಗೂ ನಷ್ಟ.

ಸಮಯ ಕಳೆಯಬೇಡಿ. ನನ್ನ ಕಾಲದಲ್ಲಿ ಅರ್ಜಿಗೆ ಗಡುವು ಇರಲಿಲ್ಲ. 2022ರ ಏಪ್ರಿಲ್ 1ರಿಂದ ಅಪಘಾತವಾದ ಆರು ತಿಂಗಳೊಳಗೆ ಹಾಕಬೇಕು ಅಂತಾಗಿದೆ. ಅದನ್ನು ಪ್ರಶ್ನಿಸಿದವರು ಸುಪ್ರೀಂ ಕೋರ್ಟಿಗೂ ಹೋಗಿದ್ದಾರೆ, ಆದರೆ ಅದನ್ನು ನಂಬಿ ಕೂರಬೇಡಿ. ಟ್ರಿಪ್ ರಸೀದಿ, ಡ್ರೈವರ್ ಹೆಸರು, ಗಾಡಿ ನಂಬರ್ ಇರುವ ಪರದೆ, ಹಣ ಕಟ್ಟಿದ ಯುಪಿಐ ದಾಖಲೆ, ಎಲ್ಲವನ್ನೂ ಇವತ್ತೇ ಉಳಿಸಿಕೊಳ್ಳಿ. ಮೆಡಿಕಲ್ ಶಾಪಿನ ಚೀಟಿಯೂ ಅಸಲಿಯೇ ಬೇಕು. ಆಸ್ಪತ್ರೆ ವರಾಂಡದಲ್ಲಿ ವಕೀಲರ ಕಡೆಯವರು ಅಂತ ಬಂದು, ಬಂದದ್ದರಲ್ಲಿ ಇಷ್ಟು ಪಾಲು ಕೊಡಿ ಅನ್ನುವವರಿಗೆ ಸಹಿ ಹಾಕಿಕೊಡಬೇಡಿ. ಪರಿಹಾರದಲ್ಲಿ ಪಾಲು ಕೇಳುವುದು ವಕೀಲರಿಗೆ ನಿಷಿದ್ಧ.

ಕೇಸಿಗೆ ತಂದೆಯವರು ಬೆಂಗಳೂರಿಗೇ ಓಡಾಡಬೇಕಾ ಅಂತಲೂ ಕೇಳಿದ್ದೀರಿ. ಬೇಕಿಲ್ಲ. ಅರ್ಜಿದಾರರು ವಾಸವಿರುವ ಜಾಗದ ವ್ಯಾಪ್ತಿಯ ಕೋರ್ಟಿನಲ್ಲೂ ಹಾಕಬಹುದು. ಅವರು ತಿಪಟೂರಿನಲ್ಲಿದ್ದಾರೆ ಅಂದಿರಿ, ಅಲ್ಲಿಯ ವಕೀಲರನ್ನೇ ನೋಡಿ. ಬೆಂಗಳೂರಿನ ಎಫ್‌ಐಆರ್, ಚಾರ್ಜ್‌ಶೀಟ್ ಪ್ರತಿಗಳನ್ನು ನೀವು ತೆಗೆದು ಕಳಿಸಿದರಾಯಿತು.