ಕಚ್ಚಿದ್ದು ಯಾರ ಮಗು ಅಂತ ಹೇಳಲೇಬೇಕಾ?

ಪ್ರಶ್ನೆ: ಮೇಡಂ, ನಾನು ಮಂಡ್ಯದ ಒಂದು ಪ್ಲೇ ಹೋಮ್‌ನಲ್ಲಿ ಟೀಚರ್. ಕಳೆದ ವಾರ ಎರಡೂವರೆ ವರ್ಷದ ಮಗುವೊಂದು ಇನ್ನೊಂದರ ಕೈ ಕಚ್ಚಿತು. ಹಲ್ಲಿನ ಗುರುತು ಬಿದ್ದಿದೆ. ಆ ತಾಯಿ ಫೋಟೋ ತೆಗೆದು ಪೇರೆಂಟ್ಸ್ ವಾಟ್ಸಾಪ್ ಗ್ರೂಪಿಗೆ ಹಾಕಿ, ‘ಯಾರ ಮಗು ಹೇಳಿ’ ಅಂತ ಪಟ್ಟು ಹಿಡಿದಿದ್ದಾರೆ. ನಮ್ಮ ಓನರ್ ‘ಹೇಳಿ ಕೈ ತೊಳ್ಕೊಳ್ಳಿ’ ಅಂತಾರೆ. ಏನು ಮಾಡಲಿ?
– ಹೆಸರು ಬೇಡ, ಮಂಡ್ಯ

ಉತ್ತರ: ಹೇಳಬೇಡಿ. ನಿಮ್ಮ ಹೆಸರು ಬೇಡ ಅಂದಿರಲ್ಲ, ಆ ಮಗುವಿನದೂ ಬೇಡ.

ಆದರೆ ಹೆಸರು ಬಿಟ್ಟು ಮಿಕ್ಕಿದ್ದೆಲ್ಲಾ ಹೇಳಿ. ‘ಏನೋ ಆಡ್ತಾ ಆಯ್ತು’ ಅಂತ ತೇಲಿಸಿದರೆ, ಸ್ನಾನ ಮಾಡಿಸುವಾಗ ಗುರುತು ನೋಡಿದ ತಾಯಿ ಆಮೇಲೆ ನಿಮ್ಮ ಒಂದು ಮಾತೂ ನಂಬಲ್ಲ. ಅಮೆರಿಕದಲ್ಲಿ ಪುಟ್ಟ ಮಕ್ಕಳ ಶಿಕ್ಷಕರ ಸಂಘ ಎನ್‌ಎಇವೈಸಿ 1989ರಲ್ಲೇ ತನಗೊಂದು ನೀತಿ ಸಂಹಿತೆ ಮಾಡಿಕೊಂಡಿತು. ಮಗುವಿಗೆ ಪೆಟ್ಟಾದರೆ ಮನೆಯವರಿಗೆ ತಿಳಿಸಬೇಕು ಅಂತಲೂ ಅದರಲ್ಲಿದೆ, ಒಂದು ಮನೆಯ ವಿಷಯ ಇನ್ನೊಂದು ಮನೆಗೆ ಹೋಗಬಾರದು ಅಂತಲೂ ಇದೆ.

ಆ ತಾಯಿಯನ್ನು ಗೇಟಿನ ಹತ್ತಿರ ನಿಲ್ಲಿಸಿ ಮಾತಾಡಬೇಡಿ, ಒಳಗೆ ಕೂರಿಸಿ. ‘ಹನ್ನೊಂದು ಗಂಟೆ ಹೊತ್ತಿಗೆ ಕೆಂಪು ಲಾರಿಗೆ ಕಿತ್ತಾಟ ಆಯ್ತು. ಚರ್ಮ ಕಿತ್ತಿಲ್ಲ. ಸೋಪು ಹಾಕಿ ತೊಳೆದು ತಣ್ಣೀರು ಬಟ್ಟೆ ಇಟ್ಟೆ. ಇನ್ನು ಅಂಥದೇ ಲಾರಿ ಎರಡಿರುತ್ತೆ, ನಾನೂ ಅಲ್ಲೇ ಕೂರ್ತೀನಿ’ ಅನ್ನಿ. ರಕ್ತ ಬಂದಿದ್ದರೆ ಡಾಕ್ಟರಿಗೆ ತೋರಿಸಲೇಬೇಕು. ‘ಅದಿರಲಿ, ಯಾರು?’ ಅಂತ ಮತ್ತೆ ಕೇಳ್ತಾರೆ. ‘ನಾಳೆ ನಿಮ್ಮ ಮಗು ಕಚ್ಚಿದರೂ ನಾನು ಹೆಸರು ಹೇಳಲ್ಲಮ್ಮ’ ಅನ್ನಿ. ತಾಯಂದಿರು ಸಾಮಾನ್ಯವಾಗಿ ಇಲ್ಲಿಗೆ ತಣ್ಣಗಾಗ್ತಾರೆ. ಅಜ್ಜಿಯರು ಆಗಲ್ಲ, ಅದು ಬೇರೆ ಮಾತು.

ಮಕ್ಕಳೇ ಮನೆಗೆ ಹೋಗಿ ಹೆಸರು ಹೇಳಿಬಿಡಬಹುದು. ಹೇಳಲಿ, ನಿಮ್ಮ ಬಾಯಿಂದ ಬರಬಾರದು ಅಷ್ಟೆ. ‘ಕಚ್ಚೋ ಮಗು’ ಅಂತ ಒಮ್ಮೆ ಹೆಸರು ಬಿದ್ದರೆ ಯುಕೆಜಿವರೆಗೂ ಬಿಡಲ್ಲ.

ಕಚ್ಚಿದ ಮಗುವಿನ ಮನೆಯವರನ್ನೂ ಬೇರೆಯಾಗಿ ಕರೆಸಿ. ಮಾತು ಪೂರ್ತಿ ಬಾರದ ವಯಸ್ಸಲ್ಲಿ ಸಿಟ್ಟು ಬಾಯಿಂದ ಹೀಗೂ ಬರುತ್ತೆ. ಯಾವ ಹೊತ್ತಲ್ಲಿ, ಯಾರ ಪಕ್ಕ ಅಂತ ನೋಟ್‌ಬುಕ್ಕಲ್ಲಿ ಬರೆದಿಡಿ. ನಾನು ಸರಸ್ವತಿಪುರಂನ ಶಿಶುವಿಹಾರದಲ್ಲಿದ್ದಾಗ ಒಬ್ಬ ಪುಟ್ಟ ಊಟಕ್ಕೆ ಮುಂಚೆಯೇ ಕಚ್ಚುತ್ತಿದ್ದ. ಹತ್ತೂವರೆಗೆ ಅರ್ಧ ಬಾಳೆಹಣ್ಣು ಕೊಡಲು ಶುರು ಮಾಡಿದೆವು, ಕಡಿಮೆಯಾಯ್ತು. ‘ತಿರುಗಿ ಕಚ್ಚಿ ತೋರಿಸಿ’ ಅನ್ನುವವರು ಸಿಗ್ತಾರೆ. ಕಿವಿಗೆ ಹಾಕ್ಕೋಬೇಡಿ. ಸಿಟ್ಟು, ಜಗಳದ ಬಗ್ಗೆ ಮಾತಾಡಿಸಲು ಚಿತ್ರಕಥೆ ಬೇಕಿದ್ದರೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ವೆಬ್‌ಸೈಟಿನಲ್ಲಿ ಕನ್ನಡದವು ಪುಕ್ಕಟೆ ಸಿಗುತ್ತವೆ.

ಒಂದು ಕಡೆ ಮಾತ್ರ ಸುಮ್ನಿರುವಂತಿಲ್ಲ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯದ ಅನುಮಾನ ಬಂದರೆ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಲೇಬೇಕು, ಓನರ್ ಒಪ್ಪಲಿ ಬಿಡಲಿ. ಮಕ್ಕಳ ಸಹಾಯವಾಣಿ 1098.

ಗ್ರೂಪಲ್ಲಿ ಉತ್ತರ ಬರೆಯಬೇಡಿ. ಗ್ರೂಪಿಂದ ಫೋಟೋ ಡಿಲೀಟ್ ಮಾಡಿ ಅಂತ ಆ ತಾಯಿಗೇ ಫೋನ್ ಮಾಡಿ ಕೇಳಿ. ಓನರ್‌ಗೆ ನೀತಿ ಮಾತು ಹಿಡಿಸದಿದ್ದರೆ, ಹೆಸರು ಹೊರಬಿದ್ದ ಮಾರನೇ ದಿನ ಆ ಮನೆಯವರು ಫೀಸು ವಾಪಸ್ ಕೇಳ್ಕೊಂಡು ಬರ್ತಾರೆ ಅಂತ ಹೇಳಿ ನೋಡಿ. ಅದು ಬೇಗ ಅರ್ಥವಾಗುತ್ತೆ.