ಗೀರು ಮುಚ್ಚುವ ವ್ಯಾಕ್ಸ್ ಬೇಡ, ಮೊದಲು ನಿಮ್ಮ ಬಟ್ಟೆ ನೋಡಿ

ಕಪ್ಪು ಕಾರು. ವ್ಯಾಕ್ಸ್ ಹಚ್ಚಿದ ದಿನ ಮುಖ ಕಾಣುವಷ್ಟು ಹೊಳಪು. ತಿಂಗಳು ಕಳೆಯುವಷ್ಟರಲ್ಲಿ ಬಿಸಿಲಿಗೆ ನಿಲ್ಲಿಸಿದರೆ ಬಾನೆಟ್ ತುಂಬಾ ಜೇಡರ ಬಲೆ ಥರ ಸಣ್ಣ ಗೀರು. ಅದಕ್ಕೆ ಕಾರ್ನೌಬಾ ಮೇಣದ ವ್ಯಾಕ್ಸ್ ತಗೊಳ್ಳಲಾ, ಸಿಂಥೆಟಿಕ್ ತಗೊಳ್ಳಲಾ, ಸೆರಾಮಿಕ್ ಸ್ಪ್ರೇನಾ, ಯಾವುದು ಗೀರನ್ನು ಜಾಸ್ತಿ ದಿನ ಮುಚ್ಚಿಡುತ್ತದೆ, ಮತ್ತೆ ಯಾವಾಗ ಹಚ್ಚಬೇಕು ಅಂತ ಕೇಳಿದ್ದೀರಿ. ಅಯ್ಯೋ, ಇದು ನನ್ನದೇ ಹಳೇ ಪ್ರಶ್ನೆ. ಇದೇ ಮೂರು ಹೆಸರು ಹಿಡಿದುಕೊಂಡು ನಾನೂ ಡಬ್ಬಿ ಮೇಲೆ ಡಬ್ಬಿ ತಂದವನು. ನೇರವಾಗಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ: ನಿಮ್ಮ ಪ್ರಶ್ನೆಯೇ ಸರಿ ಇಲ್ಲ. ಆ ಗೀರು ಯಾಕೆ ಬಂತು ಅಂತ ನೀವು ಕೇಳಲೇ ಇಲ್ಲ. ನನ್ನ ಅಂದಾಜು ನಿಜವಾದರೆ, ಅದು ಬರುತ್ತಿರುವುದು ನಿಮ್ಮ ಕೈಯಲ್ಲಿರುವ ಬಟ್ಟೆಯಿಂದ.

ನನ್ನ ಕಥೆ ಕೇಳಿ. ವ್ಯಾಕ್ಸ್ ಹಚ್ಚಿ, ಒಣಗಿಸಿ, ಒರೆಸುತ್ತಿದ್ದೆ. ಮೈಕ್ರೋಫೈಬರ್ ಬಟ್ಟೆ ಕೈಜಾರಿ ನೆಲಕ್ಕೆ ಬಿತ್ತು. ಎತ್ತಿಕೊಂಡು ಎರಡು ಸಲ ಜಾಡಿಸಿದೆ, ಕಣ್ಣಿಗೆ ಏನೂ ಕಾಣಲಿಲ್ಲ, ಮತ್ತೆ ಅದರಲ್ಲೇ ಒರೆಸಿದೆ. ಅಷ್ಟೇ ನಾನು ಮಾಡಿದ್ದು. ಇಷ್ಟಕ್ಕೇ ಇಷ್ಟೆಲ್ಲಾ ಆಯ್ತಾ ಅಂತ ನಿಮಗೆ ಅನ್ನಿಸಬಹುದು, ನನಗೂ ಬಹಳ ದಿನ ನಂಬೋಕಾಗಲಿಲ್ಲ. ಅದಕ್ಕೇ ಸ್ವಲ್ಪ ಬಿಡಿಸಿ ಹೇಳ್ತೀನಿ.

ಮೈಕ್ರೋಫೈಬರ್ ಬಟ್ಟೆಯ ಕೆಲಸವೇ ಧೂಳು ಹಿಡಿದುಕೊಳ್ಳೋದು. ಅದರ ಎಳೆಗಳು ಕೂದಲಿಗಿಂತ ಎಷ್ಟೋ ಸಣ್ಣ, ಎಳೆಯ ಅಂಚು ಸೀಳಿದ ಹಾಗಿರುತ್ತದೆ, ಹಾಗಾಗಿ ಒಳಗೆ ಹೊಕ್ಕ ಕಣ ಜಾಡಿಸಿದರೆ ಉದುರುವುದಿಲ್ಲ. ನೆಲದ ಮೇಲಿನ ಮರಳಿನಲ್ಲಿ ಜಾಸ್ತಿ ಇರೋದು ಕ್ವಾರ್ಟ್ಜ್. ಕಲ್ಲಿನ ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಅದಕ್ಕೆ 7, ಮಾಮೂಲಿ ಗಾಜಿಗೂ ಗೀರು ಹಾಕುವಷ್ಟು. ಈಗ ಕಾರಿನ ಕಡೆ ಬನ್ನಿ. ಬಣ್ಣದ ಮೇಲೆ ಕ್ಲಿಯರ್ ಕೋಟ್ ಅಂತ ಒಂದು ಪಾರದರ್ಶಕ ಪದರ ಇರುತ್ತದೆ. ಅದು ಸಾಮಾನ್ಯವಾಗಿ 40-50 ಮೈಕ್ರಾನ್ ದಪ್ಪ, ಅಂದರೆ ತಲೆಕೂದಲಿಗಿಂತ ತೆಳು. ಮೇಲಾಗಿ ಅದು ಒಂಥರಾ ಪ್ಲಾಸ್ಟಿಕ್ಕೇ. ಅದರ ಮೇಲೆ ಮರಳಿನ ಕಣ ಇಟ್ಟು, ಅಂಗೈ ಒತ್ತಿ, ಗುಂಡಗುಂಡಗೆ ಉಜ್ಜಿದರೆ ಏನಾಗಬೇಕೋ ಅದೇ ಆಯ್ತು. ನಾನು ಒರೆಸಲಿಲ್ಲ, ಗೀಚಿದೆ.

ಆದರೆ ಗೀಚಿದ್ದು ತಪ್ಪಲ್ಲಿ ಅರ್ಧ ಮಾತ್ರ. ಉಳಿದರ್ಧ ಇನ್ನೂ ಕೆಟ್ಟದ್ದು: ಅವತ್ತು ಅದು ಕಾಣಲಿಲ್ಲ! ವ್ಯಾಕ್ಸ್ ಆ ಸಣ್ಣ ಗೀರುಗಳ ಒಳಗೆ ಹೋಗಿ ಕೂತಿತ್ತು. ಗೀರು ನಮಗೆ ಕಾಣೋದು ಅದರ ಅಂಚಿಗೆ ಬೆಳಕು ತಾಗಿ ದಿಕ್ಕುದಿಕ್ಕಿಗೆ ಚೆದುರುವುದರಿಂದ. ಒಳಗೆ ವ್ಯಾಕ್ಸ್, ಎಣ್ಣೆ ತುಂಬಿದರೆ ಬೆಳಕು ಅಷ್ಟು ಚೆದುರಲ್ಲ, ಗೀರು ಮಾಯ ಆದಂಗೆ ಕಾಣುತ್ತದೆ. ಸಾಲದ್ದಕ್ಕೆ ನಾನು ನೋಡಿದ್ದು ಸಂಜೆ, ನೆರಳಲ್ಲಿ, ಟ್ಯೂಬ್‌ಲೈಟಿನ ಬೆಳಕಲ್ಲಿ. ಸೂರ್ಯನ ಥರ ಒಂದೇ ಕಡೆಯಿಂದ ಬೀಳುವ ಜೋರು ಬೆಳಕಿದ್ದರೆ ಗೀರೆಲ್ಲಾ ಎದ್ದು ಕಾಣುತ್ತಿತ್ತು. ಟ್ಯೂಬ್‌ಲೈಟಿನ ಹರಡಿದ ಬೆಳಕಿಗೆ ಎಂಥ ಬಣ್ಣವೂ ಚೆನ್ನಾಗೇ ಕಾಣುತ್ತದೆ. ನಾನು ಖುಷಿಯಾಗಿ ಫೋಟೋ ಬೇರೆ ತೆಗೆದೆ.

ಕೆಲವು ವಾರ ಹೋಯ್ತು. ಮಳೆ, ಬಿಸಿಲು, ಶಾಂಪೂ, ವ್ಯಾಕ್ಸ್ ನಿಧಾನಕ್ಕೆ ಹೋಯ್ತು, ಗೀರು ಹೊರಗೆ ಬಂತು. ನನಗೆ ಅನ್ನಿಸಿದ್ದೇನು? ವ್ಯಾಕ್ಸ್ ಕಳಪೆ! ತಗೋ, ಇನ್ನೂ ದುಬಾರಿ ಡಬ್ಬಿ ಬಂತು. ಅದೇ ಬಟ್ಟೆಯಲ್ಲಿ ಮತ್ತೆ ಒರೆಸಿದೆ. ಬಟ್ಟೆ ಒಗೆದಿದ್ದೆ ಬಿಡಿ, ಆದರೆ ಮನೆಯ ಟವೆಲ್‌ಗಳ ಜೊತೆಗೆ ಮಷಿನ್‌ಗೆ ಹಾಕಿ, ಮೇಲಿಂದ ಫ್ಯಾಬ್ರಿಕ್ ಸಾಫ್ಟ್‌ನರ್ ಬೇರೆ. ಹಳೇ ಗೀರು ಮುಚ್ಚಿತು, ಅದರ ಮೇಲೆ ಹೊಸ ಗೀರು ಬಿತ್ತು, ಅದೂ ಮುಚ್ಚಿತು. ಮತ್ತೆ ಕೆಲವು ವಾರ, ಮತ್ತೆ ಹೊಸ ಡಬ್ಬಿ. ಮೊದಲು ಬಾನೆಟ್ ಮಾತ್ರ ಇತ್ತು, ಆಮೇಲೆ ಬಾಗಿಲು, ರೂಫು, ಡಿಕ್ಕಿ. ನಾನು ಔಷಧಿ ಅಂದುಕೊಂಡು ಹಚ್ಚುತ್ತಿದ್ದದ್ದೇ ರೋಗ ಮುಚ್ಚಿಡುತ್ತಿತ್ತು, ಹಚ್ಚುವ ಕೈ ರೋಗ ಹೆಚ್ಚಿಸುತ್ತಿತ್ತು.

ಕಡೆಗೆ ಪೇಂಟ್ ಪಾಲಿಶ್ ಮಾಡುವವರೊಬ್ಬರ ಹತ್ತಿರ ಕಾರು ತಗೊಂಡು ಹೋಗಿ, ಯಾವ ವ್ಯಾಕ್ಸ್ ಒಳ್ಳೇದು ಅಂತ ಕೇಳಿದೆ. ಅವರು ಉತ್ತರ ಕೊಡಲಿಲ್ಲ. ನೀರು ಬೆರೆಸಿದ ಐಸೋಪ್ರೊಪೈಲ್ ಆಲ್ಕೋಹಾಲ್ ಬಟ್ಟೆಗೆ ಹಾಕಿಕೊಂಡು ಬಾನೆಟ್‌ನ ಒಂದು ಅಂಗೈಯಗಲ ಜಾಗ ಒರೆಸಿದರು, ವ್ಯಾಕ್ಸ್ ಪೂರ್ತಿ ಬಿಟ್ಟಿತು, ಟಾರ್ಚ್ ಹಿಡಿದರು. ಟಾರ್ಚ್ ಸುತ್ತ ಸುರುಳಿ ಸುರುಳಿಯಾಗಿ ಗೀರು, ಟಾರ್ಚ್ ಸರಿಸಿದ ಕಡೆಗೆಲ್ಲಾ ಆ ಸುರುಳಿಯೂ ಸರಿಯುತ್ತಿತ್ತು. ಪಕ್ಕದಲ್ಲೇ ವ್ಯಾಕ್ಸ್ ಇದ್ದ ಜಾಗ ಫಳಫಳ. ನನ್ನ ಬಾಯಿ ಕಟ್ಟಿತು.

ಗೀರು ತೆಗೆಯೋಕೆ ಮಷಿನ್ ಪಾಲಿಶ್ ಮಾಡಿಸಬೇಕಾಯ್ತು. ನಾನು ಅದುವರೆಗೆ ತಂದ ಎಲ್ಲ ಡಬ್ಬಿಗಳ ದುಡ್ಡು ಸೇರಿಸಿದರೂ ಅದರ ಖರ್ಚಿಗೆ ಸಮ ಬರಲಿಲ್ಲ. ದುಡ್ಡು ಹೋಗಲಿ, ಪಾಲಿಶ್ ಅಂದರೆ ಗೀರು ತುಂಬಿಸೋದಲ್ಲ, ಗೀರಿನ ಮಟ್ಟಕ್ಕೆ ಸುತ್ತಲಿನ ಕ್ಲಿಯರ್ ಕೋಟನ್ನೇ ಸವೆಸೋದು. ಸವೆದ ಮೈಕ್ರಾನ್ ವಾಪಸ್ ಬರಲ್ಲ. ಬಿಸಿಲಿನ ಅಲ್ಟ್ರಾವಯಲೆಟ್ ಕಿರಣದಿಂದ ಬಣ್ಣ ಕಾಪಾಡುವುದೂ ಅದೇ ಪದರ. ಹಾಗಾಗಿ ಪ್ರತಿ ವರ್ಷ ಪಾಲಿಶ್ ಮಾಡಿಸ್ತೀನಿ ಬಿಡು ಅನ್ನೋ ಧೈರ್ಯ ಬೇಡ.

ಸರಿ, ಈಗ ನೀವು ಕೇಳಿದ್ದಕ್ಕೆ ಬರ್ತೀನಿ. ಕಾರ್ನೌಬಾ ಅನ್ನೋದು ಬ್ರೆಜಿಲ್‌ನ ಈಶಾನ್ಯದಲ್ಲಿ ಬೆಳೆಯುವ ಒಂದು ತಾಳೆ ಜಾತಿಯ ಮರದ ಎಲೆಯಿಂದ ಬರುವ ಮೇಣ. ಕರಗೋಕೆ 82-86 ಡಿಗ್ರಿ ಸೆಲ್ಸಿಯಸ್ ಬೇಕು. ಜೇನುಮೇಣ 62-64ಕ್ಕೇ ಕರಗಿಬಿಡುತ್ತದೆ. ಕಾರ್ನೌಬಾ ಎಷ್ಟು ಗಟ್ಟಿ ಅಂದರೆ ಶುದ್ಧವಾಗಿದ್ದರೆ ಕೈಯಲ್ಲಿ ಹಚ್ಚೋಕೇ ಆಗಲ್ಲ, ಅದಕ್ಕೇ ಸಾಲ್ವೆಂಟ್, ಎಣ್ಣೆ, ಬೇರೆ ಮೇಣ ಬೆರೆಸಿರುತ್ತಾರೆ. ಡಬ್ಬಿ ಮೇಲೆ ನೂರಕ್ಕೆ ನೂರು ಕಾರ್ನೌಬಾ ಅಂತ ಬರೆದಿದ್ದರೆ ಡಬ್ಬಿಯೊಳಗಿನದ್ದೆಲ್ಲಾ ಅದೇ ಅಂತ ನಂಬಬೇಡಿ. ಹೊರಗೆ ನಿಲ್ಲುವ ಕಾರಿನ ಮೇಲೆ ಒಂದೆರಡು ತಿಂಗಳು ಇದ್ದರೆ ಹೆಚ್ಚು. ಸಿಂಥೆಟಿಕ್ ಸೀಲೆಂಟ್ ಪಾಲಿಮರ್‌ನದ್ದು, ನಾಲ್ಕರಿಂದ ಆರು ತಿಂಗಳು ಬರಬಹುದು. ಸೆರಾಮಿಕ್ ಸ್ಪ್ರೇ ಅನ್ನುವುದರಲ್ಲಿ ಸ್ವಲ್ಪ ಸಿಲಿಕಾ ಇರುತ್ತದೆ, ಅದೂ ಕೆಲವು ತಿಂಗಳ ಮಾತು, ವರ್ಷಗಟ್ಟಲೆ ನಿಲ್ಲುವ ಸೆರಾಮಿಕ್ ಕೋಟಿಂಗೇ ಬೇರೆ. ಕಪ್ಪು ಬಣ್ಣಕ್ಕೆ ಕಾರ್ನೌಬಾದಷ್ಟು ಆಳದ ಹೊಳಪು ಬೇರೆ ಯಾವುದೂ ಕೊಡಲ್ಲ ಅಂತಾರೆ. ಕಾರ್ನೌಬಾ, ಸಿಂಥೆಟಿಕ್ ಎರಡನ್ನೂ ಪಕ್ಕಪಕ್ಕದಲ್ಲಿ ಹಚ್ಚಿ ನೋಡಿದೆ. ನನ್ನ ಕಣ್ಣಿಗಂತೂ ವ್ಯತ್ಯಾಸ ತಿಳಿಯಲಿಲ್ಲ. ಬಣ್ಣ ಚೊಕ್ಕಟ ಇದ್ದರೆ ಎರಡೂ ಹೊಳೆಯುತ್ತವೆ.

ನನ್ನನ್ನು ಕೇಳಿದರೆ ಸಿಂಥೆಟಿಕ್ ಲಿಕ್ವಿಡ್ ಒಂದು ಬಾಟಲಿ ತಗೊಳ್ಳಿ, ಮುಗೀತು. ಕ್ಲೀನರ್ ವ್ಯಾಕ್ಸ್ ಅಂತ ಬರೆದದ್ದು ಮಾತ್ರ ಪದೇ ಪದೇ ಬಳಸಬೇಡಿ, ಅದರಲ್ಲಿ ಸವೆಸುವ ಪುಡಿಯೂ ಇರುತ್ತದೆ. ಗೀರು ಮುಚ್ಚುತ್ತೇವೆ ಅಂತ ದೊಡ್ಡದಾಗಿ ಬರೆದದ್ದನ್ನು ಮುಟ್ಟಲೇಬೇಡಿ. ನಿಮಗೆ ಈಗ ಗೀರು ಕಾಣಬೇಕು. ಕಂಡರೆ ತಾನೇ ಅದು ಹೆಚ್ಚುತ್ತಿದೆಯಾ ನಿಂತಿದೆಯಾ ಗೊತ್ತಾಗೋದು? ಈಗಿರುವ ಗೀರು ಕಣ್ಣಿಗೆ ತುಂಬಾ ಚುಚ್ಚುತ್ತಿದ್ದರೆ ಒಂದು ಸಲ ಪಾಲಿಶ್ ಮಾಡಿಸಿ, ಇಲ್ಲಾಂದ್ರೆ ಬಿಡಿ, ಗೀರಿದ್ದರೂ ಕಾರು ಓಡುತ್ತದೆ.

ಹಚ್ಚುವ ರೀತಿ ಹೇಳ್ತೀನಿ. ಒಣ ಧೂಳನ್ನು ಒಣ ಬಟ್ಟೆಯಲ್ಲಿ ಒರೆಸುವ ಅಭ್ಯಾಸ ಇದ್ದರೆ ಇವತ್ತೇ ನಿಲ್ಲಿಸಿ, ನೀವು ಮಾಡ್ತಿದ್ದೀರಿ ಅಂತ ನನಗೆ ಅನುಮಾನ ಇದೆ. ಮೊದಲು ಬರೀ ನೀರು ಹೊಡೆದು ಮಣ್ಣು ಇಳಿಸಿ. ಆಮೇಲೆ ಎರಡು ಬಕೆಟ್, ಒಂದರಲ್ಲಿ ಕಾರ್ ಶಾಂಪೂ, ಇನ್ನೊಂದರಲ್ಲಿ ಕಾರು ಉಜ್ಜುವ ಮೆತ್ತನೆ ಕೈಗವಸು ಜಾಲಾಡಿಸೋಕೆ ಬರೀ ನೀರು. ಮೇಲಿಂದ ಕೆಳಗೆ ಬನ್ನಿ, ಬಾಗಿಲ ಕೆಳಭಾಗ ಕೊನೆಗೆ. ಪಾತ್ರೆ ತೊಳೆಯುವ ಸೋಪು ಹಾಕಿದರೆ ಇರುವ ವ್ಯಾಕ್ಸೂ ಹೋಗುತ್ತದೆ.

ಒಣಗಿಸಿದ ಮೇಲೆ ಒಂದು ತೆಳು ಪ್ಲಾಸ್ಟಿಕ್ ಕವರ್ ಒಳಗೆ ಕೈ ಹಾಕಿ ಬಾನೆಟ್ ಮೇಲೆ ಮೆಲ್ಲಗೆ ಸವರಿ. ಬರಿಗೈಗೆ ನುಣುಪಾಗಿ ಅನ್ನಿಸಿದ್ದು ಕವರ್ ಒಳಗಿಂದ ತರಿತರಿ ಅನ್ನಿಸುತ್ತದೆ. ಅದು ಬಣ್ಣಕ್ಕೆ ಅಂಟಿಕೊಂಡ ಬ್ರೇಕಿನ ಪುಡಿ, ಮರದ ಅಂಟು, ಕಾರ್ಖಾನೆಯ ಹೊಗೆ. ತರಿ ಇದ್ದರೆ ಕ್ಲೇ ಬಾರ್, ಅಂದರೆ ಆ ತರಿಯನ್ನು ಎಳೆದು ತೆಗೆಯುವ ಜೇಡಿಮಣ್ಣಿನಂಥ ಮೆತ್ತನೆ ಉಂಡೆ, ಹಾಕಬೇಕು, ಅದೂ ಜಾರಿಕೆಗೆ ಲೂಬ್ರಿಕೆಂಟ್ ಧಾರಾಳವಾಗಿ ಹೊಡೆದು, ಒತ್ತದೆ, ಸುಮ್ನೆ ಜಾರಿಸಬೇಕು. ಕ್ಲೇ ನೆಲಕ್ಕೆ ಬಿದ್ದರೆ ಎಸೆಯಿರಿ. ತೊಳೆದು ಬಳಸ್ತೀನಿ ಅನ್ನಬೇಡಿ, ದಯವಿಟ್ಟು.

ವ್ಯಾಕ್ಸ್ ನೆರಳಲ್ಲೇ ಆಗಬೇಕು. ಅಂಗೈ ಇಟ್ಟರೆ ಬಾನೆಟ್ ತಣ್ಣಗಿರಬೇಕು, ಬಿಸಿ ಇದ್ದರೆ ವ್ಯಾಕ್ಸ್ ಬೇಗ ಒಣಗಿ ಹಿಡಿದುಕೊಳ್ಳುತ್ತದೆ, ಬಿಡಿಸೋಕೆ ಜೋರಾಗಿ ಉಜ್ಜುತ್ತೀರಿ, ಮತ್ತೆ ಗೀರು. ಕಪ್ಪು ಪ್ಲಾಸ್ಟಿಕ್ ಭಾಗಗಳಿಗೆ ಮಾಸ್ಕಿಂಗ್ ಟೇಪ್ ಹಚ್ಚಿಕೊಳ್ಳಿ, ಇಲ್ಲದಿದ್ದರೆ ಬಿಳಿ ಕಲೆ ಕೂರುತ್ತದೆ. ಸ್ಪಂಜಿನ ಅಪ್ಲಿಕೇಟರ್‌ಗೆ ನಾಣ್ಯದಷ್ಟು ಹಾಕಿಕೊಂಡು, ಒಂದು ಸಲಕ್ಕೆ ಒಂದೇ ಭಾಗ, ನೇರ ಗೆರೆಯಲ್ಲಿ, ಹಚ್ಚಿದ್ದೀರೋ ಇಲ್ವೋ ಅನ್ನುವಷ್ಟು ತೆಳುವಾಗಿ ಎಳೆಯಿರಿ. ದಪ್ಪ ಹಚ್ಚಿದರೆ ಜಾಸ್ತಿ ದಿನ ಬರುತ್ತದೆ ಅನ್ನೋದು ಸುಳ್ಳು, ಮೇಲಿನದ್ದೆಲ್ಲಾ ಬಟ್ಟೆಗೇ ಹೋಗುತ್ತದೆ. ಮಸುಕು ಕಟ್ಟಿದ ಮೇಲೆ ಬೆರಳ ತುದಿಯಿಂದ ಒಂದು ಗೆರೆ ಎಳೆದು ನೋಡಿ. ಗೆರೆ ಸ್ವಚ್ಛವಾಗಿ ಹೊಳೆದರೆ ಒರೆಸಿ. ಕೆಸರಾಗಿ ಬಳಿದುಕೊಂಡರೆ ಇನ್ನೂ ಒಣಗಿಲ್ಲ, ಕಾಯಿರಿ. ಬಾಟಲಿ ಮೇಲೆ ತಕ್ಷಣ ಒರೆಸಿ ಅಂತ ಇದ್ದರೆ ಮಾತ್ರ ಅದರ ಮಾತು ಕೇಳಿ.

ಒರೆಸೋಕೆ ಬಟ್ಟೆ ಒಂದು ಸಾಲದು, ನಾಲ್ಕೈದು ಇಟ್ಟುಕೊಳ್ಳಿ. ನಾಲ್ಕು ಮಡಿಕೆ ಮಾಡಿ, ಒಂದು ಮಗ್ಗುಲು ವ್ಯಾಕ್ಸ್ ಹಿಡಿದರೆ ತಿರುಗಿಸಿ. ಒತ್ತಬೇಡಿ, ಬಟ್ಟೆಯ ಭಾರವೇ ಸಾಕು. ಡಬ್ಬಿಗೆ ಸುರಿಯುವ ದುಡ್ಡಲ್ಲಿ ಅರ್ಧ ಬಟ್ಟೆಗೆ ಹಾಕಿ ಅಂತ ನಾನು ಎಲ್ಲರಿಗೂ ಹೇಳ್ತೀನಿ, ಯಾರೂ ಕೇಳಲ್ಲ, ಹೊಸ ಡಬ್ಬಿ ತರುವ ಖುಷಿ ಬಟ್ಟೆ ತರೋದರಲ್ಲಿ ಎಲ್ಲಿದೆ ಹೇಳಿ? ನೆಲಕ್ಕೆ ಬಿದ್ದ ಬಟ್ಟೆ ಅವತ್ತಿಂದ ಚಕ್ರಕ್ಕೆ, ಇಂಜಿನ್ ಒರೆಸೋಕೆ. ಬಣ್ಣಕ್ಕೆ ಮತ್ತೆ ಮುಟ್ಟಿಸಬಾರದು. ಬಾಕಿಯವನ್ನು ಬೇರೆ ಬಟ್ಟೆ ಜೊತೆ ಸೇರಿಸದೆ, ಸಾಫ್ಟ್‌ನರ್ ಹಾಕದೆ ಒಗೆದು, ಧೂಳು ಬೀಳದ ಕಡೆ ಒಣಗಿಸಿ ಮುಚ್ಚಿಡಿ.

ಮತ್ತೆ ಯಾವಾಗ ಹಚ್ಚಬೇಕು ಅಂತಲೂ ಕೇಳಿದ್ದಿರಲ್ವಾ. ಕ್ಯಾಲೆಂಡರ್ ನೋಡಬೇಡಿ, ಗೀರು ಕಂಡಿತು ಅಂತಲೂ ಹಚ್ಚಬೇಡಿ. ಕಾರು ಚೆನ್ನಾಗಿ ತೊಳೆದ ಮೇಲೆ ಬಾನೆಟ್ ಮೇಲೆ ಒಂದು ಚೊಂಬು ನೀರು ಹಾಕಿ. ಹನಿ ಗುಂಡಗೆ ನಿಂತು ಉರುಳಿದರೆ ವ್ಯಾಕ್ಸ್ ಇನ್ನೂ ಇದೆ, ಡಬ್ಬಿ ಮುಚ್ಚಿಡಿ. ಚಪ್ಪಟೆಯಾಗಿ ಹರಡಿಕೊಂಡು ಅಲ್ಲೇ ಕೂತರೆ ಆಗ ಹಚ್ಚಿ.