ಮಿದುಳಿನ ಫೋಟೋ ತೋರ್ಸಿದ್ರೇ ನಂಬೋದಾ?

ಹೆಸರು ಹಾಕ್ಬೇಡಿ ಅಂದಿದೀರಿ, ಹಾಕಲ್ಲ. ಬೇರೆ ಓದುಗರಿಗೋಸ್ಕರ ಪತ್ರದ ಸಾರ ಮಾತ್ರ ಹೇಳ್ತೀನಿ. ತಮ್ಮನಿಗೆ ಬೈಪೋಲಾರ್, ಅಂದ್ರೆ ಮನಸ್ಸು ಕೆಲವು ಕಾಲ ಅತಿಯಾಗಿ ಏರಿ ಕೆಲವು ಕಾಲ ಪಾತಾಳಕ್ಕಿಳಿಯೋ ಕಾಯಿಲೆ, ಅಂತ ಡಾಕ್ಟರು ಹೇಳಿ ಮೂರು ವರ್ಷ ಆಯ್ತು, ಮನೇಲಿ ಅರ್ಧ ಜನ ಅದನ್ನ ಕೊಬ್ಬು ಅಂತಾರೆ, ಇನ್ನರ್ಧ ನಾಟಕ ಅಂತಾರೆ. ಈ ಕಾಯಿಲೆ ಇರೋರ ಮಿದುಳು ಸ್ಕ್ಯಾನಲ್ಲಿ ಬೇರೆ ಥರ ಕಾಣುತ್ತೆ ಅಂತ ಓದಿದ್ರಂತೆ, ಅದೊಂದು ಮಾಡ್ಸಿ ಎಲ್ಲರ ಮುಂದೆ ಇಟ್ರೆ ಬಾಯಿ ಮುಚ್ಚಿಸ್ಬಹುದಾ ಅಂತ ಕೇಳಿದೀರಿ.

ಸ್ಕ್ಯಾನ್ ಮಾಡೋರ ಮಾತಲ್ಲೂ ಹುರುಳಿದೆ ಮೇಡಂ, ಇಲ್ಲ ಅನ್ನಲ್ಲ. ಮಿದುಳಿನ ಒಳಗಡೆ ಅಮಿಗ್ಡಲ ಅಂತ ಬಾದಾಮಿ ಆಕಾರದ ಒಂದು ಭಾಗ ಇದೆ, ಎದುರಿಗಿರೋರ ಮುಖದಲ್ಲಿ ಭಯನೋ ಸಿಟ್ಟೋ ಅಂತ ಹಿಡಿಯೋ ಕೆಲಸದಲ್ಲಿ ಅದಕ್ಕೆ ದೊಡ್ಡ ಪಾಲು. ಮೇನಿಯಾ, ಅಂದ್ರೆ ಮನಸ್ಸು ಅತಿಯಾಗಿ ಏರೋ ಹಂತ, ಬಂದಾಗ ಅಮಿಗ್ಡಲದ ಓಡಾಟ ಜಾಸ್ತಿ, ಅದಕ್ಕೆ ಲಗಾಮು ಹಾಕ್ಬೇಕಾದ ಹಣೆ ಹಿಂದಿನ ಭಾಗ ಮಂಕು ಅಂತ ಎಷ್ಟೋ ಸ್ಟಡಿಗಳಲ್ಲಿ ಬಂದಿದೆ. ಎನಿಗ್ಮಾ ಅನ್ನೋ ಅಂತಾರಾಷ್ಟ್ರೀಯ ಗುಂಪು 6503 ಜನರ ಸ್ಕ್ಯಾನ್ ಒಟ್ಟು ಹಾಕಿ 2018ರಲ್ಲಿ ಪ್ರಕಟಿಸಿದ್ದರಲ್ಲಿ, ಅವರಲ್ಲಿ 2447 ಜನಕ್ಕೆ ಬೈಪೋಲಾರ್ ಇತ್ತು, ಅವರ ಮಿದುಳಿನ ಹೊರಪದರ ಕೆಲವು ಕಡೆ ತೆಳು ಅಂತ ಕಂಡಿತು.

ಆದ್ರೆ ಅದು ಗುಂಪಿನ ಸರಾಸರಿ. ಇವನಿಗಿದೆ ಅವನಿಗಿಲ್ಲ ಅಂತ ಒಬ್ಬನ ಸ್ಕ್ಯಾನ್ ನೋಡಿ ಯಾವ ಡಾಕ್ಟರೂ ಹೇಳೋಕಾಗಲ್ಲ, ಗಡ್ಡೆ ಗಿಡ್ಡೆ ಏನೂ ಇಲ್ಲ ಅಂತ ಖಾತ್ರಿ ಮಾಡ್ಕೊಳ್ಳೋಕೆ ತೆಗೆಸ್ತಾರೆ ಅಷ್ಟೇ. ನಿಮ್ಮ ತಮ್ಮನ ಸ್ಕ್ಯಾನ್ 'ನಾರ್ಮಲ್' ಅಂತ ಬರೋ ಸಾಧ್ಯತೆನೇ ಜಾಸ್ತಿ, ಆಮೇಲೆ ನಾಟಕ ಅನ್ನೋರ ಕೈಗೆ ನೀವೇ ಕೋಲು ಕೊಟ್ಟಂಗಾಗುತ್ತೆ.

ಬಣ್ಣಬಣ್ಣದ ಮಿದುಳಿನ ಚಿತ್ರ ಇದ್ಯಲ್ಲ, ಆ ಬಣ್ಣ ಮಿದುಳಲ್ಲಿಲ್ಲ. ಮಿಷನ್ ಅಳೆಯೋದು ರಕ್ತದ ಆಮ್ಲಜನಕದ ಏರುಪೇರು, ಅದೂ ನಾಲ್ಕೈದು ಸೆಕೆಂಡ್ ತಡವಾಗಿ, ಲೆಕ್ಕ ಹಾಕಿ ಬಣ್ಣ ಬಳಿಯೋದು ಕಂಪ್ಯೂಟರ್. 2009ರಲ್ಲಿ ಕ್ರೇಗ್ ಬೆನೆಟ್ ಅನ್ನೋ ವಿಜ್ಞಾನಿ ಮತ್ತವರ ಜೊತೆಗಾರರು ಒಂದು ಸತ್ತ ಸಾಲ್ಮನ್ ಮೀನನ್ನ ಸ್ಕ್ಯಾನರೊಳಗೆ ಮಲಗ್ಸಿ, ಮನುಷ್ಯರ ಫೋಟೋ ತೋರ್ಸಿ, ಇವರಿಗೆ ಯಾವ ಭಾವನೆ ಆಗ್ತಿದೆ ಹೇಳು ಅಂತ ಕೇಳಿದ್ರು. ಲೆಕ್ಕದಲ್ಲಿ ಎಚ್ಚರ ತಪ್ಪಿದ್ರೆ ಆ ಮೀನಿನ ಮಿದುಳಲ್ಲೂ ಕೆಂಪು ಚುಕ್ಕೆ! 2012ರಲ್ಲಿ ಅವರಿಗೆ ಇಗ್ನೊಬೆಲ್ ಬಂತು, ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚೋ ಸಂಶೋಧನೆಗೆ ಕೊಡೋ ಬಹುಮಾನ ಅದು. ಸ್ಕ್ಯಾನೇ ಸುಳ್ಳು ಅನ್ನೋಕಲ್ಲ ಅವರು ಮಾಡಿದ್ದು, ನನಗಂತೂ ಪ್ರತಿ ಸಲ ಆ ಚಿತ್ರ ನೋಡಿದಾಗ ಮೀನು ನೆನಪಾಗುತ್ತೆ.

ಈಗ ನಿಮ್ಮನ್ನ ಸ್ವಲ್ಪ ಬೈತೀನಿ. ಪತ್ರದ ಎರಡನೇ ಪುಟದಲ್ಲಿ ಬರ್ದಿದೀರಿ, 'ನಾನು ಸುಮ್ನೆ ನೋಡಿದ್ರೂ ಯಾಕೆ ಗುರಾಯಿಸ್ತೀಯ ಅಂತ ಜಗಳ ತೆಗೀತಾನೆ' ಅಂತ. 2006ರಲ್ಲಿ ಒಂದು ಸ್ಟಡಿ ಬಂದಿತ್ತು, ಬೈಪೋಲಾರ್ ಇರೋ ಮಕ್ಕಳಿಗೆ ಯಾವ ಭಾವನೆನೂ ಇಲ್ಲದ ಮುಖ ತೋರ್ಸಿದ್ರೆ ಬೇರೆ ಮಕ್ಕಳಿಗಿಂತ ಜಾಸ್ತಿ ಹಗೆ ಕಾಣ್ತಿತ್ತು, ಜಾಸ್ತಿ ಭಯ ಆಗ್ತಿತ್ತು, ಎಡಗಡೆ ಅಮಿಗ್ಡಲನೂ ಜೋರಾಗಿ ಓಡ್ತಿತ್ತು. ನಿಮ್ಮ ತಮ್ಮ ಚಿಕ್ಕವನಲ್ಲ, ಅವನಿಗೂ ಅದೇ ಅಂತ ನಾನು ಪ್ರಮಾಣ ಮಾಡಲ್ಲ, ಆದ್ರೆ ತನಗೆ ಏನು ಕಾಣ್ತಿದೆ ಅಂತ ಅವನು ಬಾಯ್ಬಿಟ್ಟು ಹೇಳ್ತಿದಾನಲ್ಲ, ನೀವು ಅದಕ್ಕೆ ಜಗಳ ಅಂತ ಹೆಸರಿಟ್ರಿ.

ನಾವೇನು ಸಾಚಾಗಳಲ್ಲ ಬಿಡಿ. ಹಿಂದೆ ನಮ್ಮ ಪತ್ರಿಕೇಲಿ ಕರಡು ತಿದ್ದೋ ಒಬ್ಬರಿದ್ರು, ಇದೇ ಕಾಯಿಲೆ. ಒಂದಿನ ಬಂದು 'ಸಾರ್, ನಿದ್ದೆ ಮೂರು ಗಂಟೆಗೆ ಇಳಿದಿದೆ, ಸುಸ್ತೇ ಆಗ್ತಿಲ್ಲ' ಅಂದ್ರು. ನಿದ್ದೆ ಕಮ್ಮಿಯಾದ್ರೂ ಸುಸ್ತಾಗ್ದೇ ಇರೋದು ಮೇನಿಯಾ ಹತ್ರ ಬರೋ ಸೂಚನೆ ಅಂತ ಇವತ್ತು ಗೊತ್ತು. ಅವತ್ತು ನಾನು ಶಭಾಷ್ ಅಂದು ಇನ್ನೆರಡು ಲೇಖನದ ಕರಡು ಕೊಟ್ಟೆ. ಮೂರನೇ ವಾರ ಆಸ್ಪತ್ರೆ ಸೇರಿದ್ರು.

ಈ ಕಾಯಿಲೆಗೆ ಕೊಡೋ ಲಿಥಿಯಂ ಅನ್ನೋ ಔಷಧಿ ಕಥೆನೂ ರೋಗಿನ ಗಮನಿಸೋದರದ್ದೇ. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಅನ್ನೋ ಡಾಕ್ಟರು ಅದನ್ನ ಹತ್ತು ಜನ ಮೇನಿಯಾ ರೋಗಿಗಳಿಗೆ ಕೊಟ್ಟು ಅವರ ಬಗ್ಗೆ ಬರೆದಾಗ ಅವರ ಹತ್ರ ಯಾವ ಸ್ಕ್ಯಾನರ್ ಇತ್ತು? ಪಕ್ಕದಲ್ಲಿ ಕೂತು ನೋಡಿದ್ರು, ಬರ್ಕೊಂಡ್ರು. ಮೊದಲನೇ ರೋಗಿ ವರ್ಷಗಟ್ಟಲೆ ಆಸ್ಪತ್ರೇಲಿದ್ದೋನು ಹುಷಾರಾಗಿ ಕೆಲಸಕ್ಕೆ ಹೋದ, ಮಾತ್ರೆ ಬಿಟ್ಟ, ವಾಪಸ್ ಬಂದ. ಅದೇ ಲಿಥಿಯಂ ಇವತ್ತಿಗೂ ಕೊಡ್ತಾರೆ, ಆಗಾಗ ರಕ್ತ ಪರೀಕ್ಷೆ ಮಾಡ್ಸಿ. ಹಾಗಾಗಿ ತಮ್ಮನ ಮಾತ್ರೆ ಯಾವ ಕಾರಣಕ್ಕೂ ನೀವಾಗೇ ನಿಲ್ಲಿಸ್ಬೇಡಿ.

ಯಾರಾದ್ರೂ ತಲೆನೋವು ಅಂದ್ರೆ ತಕ್ಷಣ ನಂಬ್ತೀವಿ, ಅದಕ್ಕೂ ಫೋಟೋ ಇಲ್ಲ. ಮನಸ್ಸಿನ ನೋವು ಅಂದ್ರೆ ಮಾತ್ರ ಪುರಾವೆ ತಗೊಂಡ್ಬಾ ಅಂತೀವಿ. ಎರಡು ದಿನ ಬೇಜಾರಾಗಿ ಮೂರನೇ ದಿನ ನಕ್ಕರೆ 'ನಂಗೂ ಬೈಪೋಲಾರ್' ಅನ್ನೋರು ಬೇರೆ, ಆ ಪದದ ಜೀವ ತೆಗೆದಿದಾರೆ. ಪತ್ರಿಕೆಯೋರೂ ಕಮ್ಮಿಯಿಲ್ಲ, ಹೋದ ವರ್ಷದ ನಮ್ಮ ಆರೋಗ್ಯ ಸಂಚಿಕೆ ಮುಖಪುಟ ತೆಗ್ದು ನೋಡಿ, ಕೆಂಪು ಹಳದಿ ಮಿದುಳು. ನಾನೇ ಒಪ್ಪಿದ್ದು, ಚೆನ್ನಾಗಿ ಮಾರಾಟ ಆಯ್ತು.

ಮುಂದಿನ ಸಲ ತಮ್ಮ 'ಯಾಕೆ ಗುರಾಯಿಸ್ತೀಯ' ಅಂದ್ರೆ 'ಮಾತ್ರೆ ತಗೊಂಡ್ಯಾ' ಅಂತ ಶುರು ಮಾಡ್ಬೇಡಿ. 'ಸಿಟ್ಟಿಲ್ಲ ಕಣೋ, ಕನ್ನಡಕ ಎಲ್ಲಿಟ್ಟೆ ಅಂತ ಯೋಚ್ನೆ ಮಾಡ್ತಿದ್ದೆ' ಅನ್ನಿ. ಅವನು ಏನಂದ ಅಂತ ಬರೀರಿ, ಆ ಪತ್ರನೂ ಹಾಕ್ತೀನಿ.